ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಇರುವೆ ಗೂಡು: ಪ್ರಿವೆಂಟರ್ ಇದ್ದೂ ಮೋಟರ್ ಸುಟ್ಟದ್ದೇಕೆ?

ಪ್ರಶ್ನೆ (ಶಿರಸಿ ಸಮೀಪದ ಅಡಿಕೆ ಬೆಳೆಗಾರರು):
ಮಾನ್ಯರೇ, ನಮ್ಮ ತೋಟದ ಬಾವಿಯಲ್ಲಿ 5 ಎಚ್‌ಪಿಯ ತ್ರೀ ಫೇಸ್ ಸಬ್‌ಮರ್ಸಿಬಲ್ ಪಂಪ್ ಇದೆ. ಮಳೆಗಾಲವಿಡೀ ಮುಟ್ಟದೆ ಬಿಟ್ಟಿದ್ದ ಸ್ಟಾರ್ಟರನ್ನು ಡಿಸೆಂಬರಿನಲ್ಲಿ ಮೊದಲ ಸಲ ಒತ್ತಿದಾಗ ನೀರು ಬರಲಿಲ್ಲ, ಆಂಪಿಯರ್ ಮೀಟರಿನ ಮುಳ್ಳು ಮಾತ್ರ ಕೊನೆಗೆ ಹೋಗಿ ನಿಂತಿತು. ಮೂರು ನಾಲ್ಕು ಸಲ ಒತ್ತಿ ನೋಡುವಷ್ಟರಲ್ಲಿ ಮೋಟರ್ ಸುಟ್ಟಿತು. ರಿವೈಂಡಿಂಗ್ ಮಾಡಿದವರು, ಎರಡು ಫೇಸಿನ ವೈಂಡಿಂಗ್ ಕಪ್ಪಾಗಿದೆ, ಮೂರನೆಯದು ಹೊಸದರಂತೆಯೇ ಇದೆ ಎಂದರು. ಸ್ಟಾರ್ಟರ್ ಬಿಚ್ಚಿದರೆ ಒಳಗೆ ಇರುವೆಗಳ ರಾಶಿ, ಜೊತೆಗೆ ಬಿಳಿ ಮೊಟ್ಟೆಗಳು. ಒಂದು ಫೇಸ್ ತಪ್ಪಿದರೆ ಮೋಟರನ್ನು ನಿಲ್ಲಿಸಬೇಕಾದ ಸಿಂಗಲ್ ಫೇಸ್ ಪ್ರಿವೆಂಟರ್ ಇದ್ದೂ ಹೀಗೇಕಾಯಿತು? ಪೆಟ್ಟಿಗೆಯೊಳಗೆ ಇರುವೆ ಪುಡಿ ಉದುರಿಸಿಡಬಹುದೇ?

ಉತ್ತರ (ವಿದ್ಯುತ್ ಗುತ್ತಿಗೆದಾರರು):
ತಮ್ಮ ರಿವೈಂಡಿಂಗಿನವರು ಹೇಳಿದ ಮಾತಿನಲ್ಲೇ ಅರ್ಧ ಉತ್ತರವಿದೆ. ಸ್ಟಾರ್ ಜೋಡಣೆಯ (ಮೂರೂ ವೈಂಡಿಂಗಿನ ಒಂದೊಂದು ತುದಿ ಒಂದೇ ಕಡೆ ಕೂಡಿರುವ) ಮೋಟರಿನಲ್ಲಿ ಎರಡು ಫೇಸ್ ಕಪ್ಪಾಗಿ ಒಂದು ಹಾಗೆಯೇ ಉಳಿದಿದ್ದರೆ, ಆ ಮೂರನೆಯ ಫೇಸಿಗೆ ಕರೆಂಟೇ ತಲುಪಿಲ್ಲ ಎಂದು ತಿಳಿಯಬೇಕು. ಸ್ಟಾರ್ಟರಿನೊಳಗೆ ಕರೆಂಟನ್ನು ಕೂಡಿಸಿ ಕಡಿಯುವ ಕಾಂಟ್ಯಾಕ್ಟರಿನ ಪಾಯಿಂಟುಗಳ ನಡುವೆ ಇರುವ ಕೆಲವೇ ಮಿಲಿಮೀಟರ್ ಅಂತರದಲ್ಲಿ ಇರುವೆಗಳು ಸೇರಿಕೊಂಡು, ಒತ್ತಿದಾಗ ಅಲ್ಲಿಯೇ ಜಜ್ಜಿಹೋಗಿ, ಕಿಡಿಗೆ ಸುಟ್ಟು ಕರಿಯಾಗಿ ಅಂಟುತ್ತವೆ. ನಾನು ಬಿಚ್ಚಿದ ಒಂದು ಸ್ಟಾರ್ಟರಿನಲ್ಲಿ ನಡುವಿನ ಪಾಯಿಂಟಿನ ಮೇಲೆ ಅದು ಒಣಗಿದ ಅಡಿಕೆ ಚೊಗರಿನಂತೆ ಗಟ್ಟಿಯಾಗಿ ಹಿಡಿದಿತ್ತು; ಉಗುರಿನಿಂದ ಕೆರೆದರೂ ಬರುತ್ತಿರಲಿಲ್ಲ. ಅಂಥ ಪಾಯಿಂಟ್ ಕೂಡಿಕೊಂಡಂತೆ ಕಂಡರೂ ಕರೆಂಟನ್ನು ಹಾಯಿಸುವುದಿಲ್ಲ. ಎರಡೇ ಫೇಸಿನಲ್ಲಿ ನಿಂತ ಮೋಟರ್ ತಿರುಗಲಾರದೆ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಸತ್ತ ಇರುವೆ ಬಿಡುವ ಎಚ್ಚರಿಕೆಯ ವಾಸನೆಗೆ ಉಳಿದವು ಓಡಿಬರುವ ಸ್ವಭಾವ ಕೆಲವು ಜಾತಿಗಳಲ್ಲಿರುವುದರಿಂದ, ಪ್ರತಿ ಸಲ ಒತ್ತಿದಾಗಲೂ ಅಲ್ಲಿ ಇನ್ನಷ್ಟು ಸೇರುತ್ತವೆ.

ಪ್ರಿವೆಂಟರ್ ಕೆಟ್ಟಿರಲಾರದು. ತೋಟಗಳಲ್ಲಿ ಸಾಮಾನ್ಯವಾಗಿ ಹಾಕುವುದು ವೋಲ್ಟೇಜ್ ನೋಡುವ ಪ್ರಿವೆಂಟರ್, ಅದರ ತಂತಿಗಳು ಕಾಂಟ್ಯಾಕ್ಟರಿಗಿಂತ ಮೊದಲು, ಲೈನಿನ ಕಡೆಗೆ ಸೇರಿರುತ್ತವೆ. ಲೈನಿನಿಂದ ಮೂರೂ ಫೇಸ್ ಬರುತ್ತಿದೆಯೇ ಎಂಬುದಷ್ಟೇ ಅದಕ್ಕೆ ಗೊತ್ತು; ಕಾಂಟ್ಯಾಕ್ಟರಿನ ಆಚೆ ಒಂದು ಫೇಸ್ ತಪ್ಪಿದರೆ ಅದಕ್ಕೆ ಕಾಣುವುದಿಲ್ಲ. ಮೋಟರಿಗೆ ಹೋಗುವ ಕರೆಂಟನ್ನು ಅಳೆಯುವ ಪ್ರಿವೆಂಟರ್ ಹಾಕಿಸಿದ್ದರೆ ತಕ್ಷಣ ಕಡಿದುಹಾಕುತ್ತಿತ್ತು. ಅದಿಲ್ಲದಿದ್ದರೂ, ಕರೆಂಟ್ ಮಿತಿ ಮೀರಿದರೆ ಕಡಿದುಹಾಕುವ ಓವರ್‌ಲೋಡ್ ರಿಲೇ ಉಳಿಸಬೇಕಿತ್ತು. ಅದರ ಗುಂಡಿಯನ್ನು ಯಾರಾದರೂ ಮೇಲಕ್ಕೆ ತಿರುಗಿಸಿದ್ದಾರೆಯೇ ಎಂದು ದಯವಿಟ್ಟು ನೋಡಿ ತಿಳಿಸಿ.

ಬೆಳೆಗಾರರು:
ಹೌದು. ವೋಲ್ಟೇಜ್ ಕಡಿಮೆ ಇದ್ದಾಗ ಪದೇ ಪದೇ ಟ್ರಿಪ್ ಆಗುತ್ತದೆಂದು ಎರಡು ವರ್ಷದ ಹಿಂದೆ ಕೊನೆಯ ಗೆರೆಗೆ ಇಡಿಸಿದ್ದೆವು.

ಉತ್ತರ:
ಮೋಟರ್ ಹೋಗಿದ್ದು ಅಲ್ಲಿಯೇ. 415 ವೋಲ್ಟಿನ 5 ಎಚ್‌ಪಿ ಮೋಟರ್ ಸುಮಾರು 7.5 ಆಂಪಿಯರ್ ಎಳೆಯುತ್ತದೆ, ಸಬ್‌ಮರ್ಸಿಬಲ್ ಆದರೆ ತುಸು ಹೆಚ್ಚು. ಮೋಟರಿನ ಹಲಗೆಯ ಮೇಲೆ ಬರೆದಿರುವ ಆಂಪಿಯರಿಗೇ ರಿಲೇ ಇರಬೇಕು. ವೋಲ್ಟೇಜ್ ಕಡಿಮೆಯಿದ್ದು ಅದು ಟ್ರಿಪ್ ಆಗುತ್ತಿದ್ದರೆ, ಆ ಹೊತ್ತಿನಲ್ಲಿ ಪಂಪ್ ನಡೆಸಬೇಡಿ ಎಂದೇ ಅದರ ಅರ್ಥ.

ಪೆಟ್ಟಿಗೆಯೊಳಗೆ ಯಾವ ಪುಡಿಯನ್ನೂ ಹಾಕಬಾರದು. ನಮ್ಮ ಕಡೆಯ ತೇವದಲ್ಲಿ ಪುಡಿ ನೀರು ಹೀರಿ ಟರ್ಮಿನಲ್‌ಗಳ ನಡುವೆ ಕರೆಂಟ್ ಹರಿಯುವ ಪದರವಾಗುತ್ತದೆ. ಹಳೆಯ ಮನೆಗಳಲ್ಲಿ ಈಗಲೂ ಡಬ್ಬದಲ್ಲಿ ಉಳಿದಿರುವ ಗ್ಯಾಮಕ್ಸಿನ್ ಅಂತೂ ಬೇಡವೇ ಬೇಡ. ಅದರಲ್ಲಿರುವ ಲಿಂಡೇನ್ ಬಳಕೆಯನ್ನು ದೇಶದಲ್ಲಿ 2013ರಿಂದಲೇ ನಿಷೇಧಿಸಲಾಗಿದೆ. ಕರೆಂಟ್ ಇರುವಾಗ ಜಿರಳೆ ಸ್ಪ್ರೇ ಹೊಡೆಯುವುದು ಇನ್ನೂ ಅಪಾಯ, ಏಕೆಂದರೆ ಅಂಥ ಬಹಳಷ್ಟು ಡಬ್ಬಿಗಳಲ್ಲಿ ದ್ರವವನ್ನು ಹೊರದಬ್ಬುವುದು ಎಲ್‌ಪಿಜಿಯೇ, ಒಂದು ಕಿಡಿ ಸಾಕು. ವಿಷವನ್ನು ಹೊರಗಿಡಿ: ಸಕ್ಕರೆ ಪಾಕದಲ್ಲಿ ಚಿಟಿಕೆ ಬೋರಿಕ್ ಪುಡಿ ಕಲಸಿ ಇರುವೆ ಸಾಲಿನ ದಾರಿಯಲ್ಲಿ, ಮಕ್ಕಳಿಗೂ ದನಗಳಿಗೂ ಸಿಗದ ಕಡೆ ಇಟ್ಟರೆ, ಅವು ಅದನ್ನು ಗೂಡಿಗೇ ಹೊತ್ತೊಯ್ಯುತ್ತವೆ.

ನಿಜವಾದ ಕೆಲಸವಿರುವುದು ತೂತುಗಳಲ್ಲಿ. ಕೇಬಲ್ ಪೆಟ್ಟಿಗೆಯ ತಳದಿಂದಲೇ ಒಳಗೆ ಬರಬೇಕು, ಅದಕ್ಕೆ ರಬ್ಬರ್ ಇರುವ ಸರಿಯಾದ ಅಳತೆಯ ಗ್ಲ್ಯಾಂಡ್ (ಕೇಬಲ್ ಸುತ್ತ ಬಿಗಿಯಾಗಿ ಕೂತು ತೂತು ಮುಚ್ಚುವ ಬಿರಡೆ) ಹಾಕಬೇಕು. ಬಳಸದ ತೂತುಗಳಿಗೆ ಮುಚ್ಚಳ ಬೀಳಬೇಕು. ಉಳಿದ ಸಂದಿಗೆ ಸಿಲಿಕಾನ್ ಪೇಸ್ಟ್ ಹಾಕುವಾಗ ವಿನೆಗರಿನಂಥ ಹುಳಿ ವಾಸನೆ ಬರುವುದನ್ನು ಕೊಳ್ಳಬೇಡಿ, ಆ ಆಮ್ಲ ತಾಮ್ರವನ್ನು ತಿನ್ನುತ್ತದೆ; ನ್ಯೂಟ್ರಲ್ ಎಂದು ಬರೆದಿರುವುದನ್ನು ಕೇಳಿ ತೆಗೆದುಕೊಳ್ಳಿ. ಮಳೆಗಾಲದಲ್ಲಿ ನೆಲವೆಲ್ಲ ನೆನೆದಾಗ ಇರುವೆಗಳು ಮೊಟ್ಟೆ ಹೊತ್ತು ಒಣ ಜಾಗ ಹುಡುಕುತ್ತವೆ, ನಾಲ್ಕೈದು ತಿಂಗಳು ಅಲುಗಾಡದ ಸ್ಟಾರ್ಟರಿಗಿಂತ ನೆಮ್ಮದಿಯ ಜಾಗ ಅವಕ್ಕೆ ಸಿಗುವುದಿಲ್ಲ. ಆದ್ದರಿಂದ ಪ್ರತಿ ವರ್ಷ ಮೊದಲ ನೀರು ಹಾಯಿಸುವ ಮುನ್ನ ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಕೈಯಲ್ಲಿಟ್ಟುಕೊಂಡು, ಮೂರೂ ಫೇಸಿಗೆ ಟೆಸ್ಟರ್ ಹಿಡಿದು ನೋಡಿದ ಮೇಲೆಯೇ ಪೆಟ್ಟಿಗೆಯೊಳಗೆ ಕೈ ಹಾಕಿ ಬ್ರಷ್‌ನಿಂದ ಸ್ವಚ್ಛ ಮಾಡಿ. ಕರಿ ಹಿಡಿದ ಪಾಯಿಂಟನ್ನು ಪಾಲಿಶ್ ಪೇಪರಿನಿಂದ ಉಜ್ಜಬೇಡಿ. ಮೇಲಿನ ಬೆಳ್ಳಿ ಮಿಶ್ರಣದ ಪದರ ಹೋದರೆ ಪಾಯಿಂಟ್ ಬೇಗ ಸುಡುತ್ತದೆ. ಪಾಯಿಂಟ್ ಸೆಟ್ಟನ್ನೇ ಬದಲಿಸಿ.

ಇನ್ನೊಂದು ಪ್ರಶ್ನೆ (ಕಾರವಾರದ ಸದಸ್ಯರು):
ನಮ್ಮಲ್ಲಿ ಇನ್ವರ್ಟರ್ ಎಸಿಯ ಹೊರಗಿನ ಯೂನಿಟ್ಟಿನ ಬೋರ್ಡ್ ಮೇಲೆ ಹಲ್ಲಿ ಸತ್ತು ಬೋರ್ಡ್ ಸುಟ್ಟಿತು. ಇದಕ್ಕೂ ತೂತು ಮುಚ್ಚುವುದೇ ಪರಿಹಾರವೇ?

ಉತ್ತರ:
ಹೌದು, ಆದರೆ ಗಾಳಿಯಾಡುವ ಜಾಲರಿಯನ್ನು ಮುಚ್ಚಬಾರದು, ಮುಚ್ಚಿದರೆ ಕಂಪ್ರೆಸರ್ ಬಿಸಿಯಾಗುತ್ತದೆ. ಬೋರ್ಡಿನ ಪೆಟ್ಟಿಗೆಗೆ ತಂತಿ ಹೋಗುವ ಸಂದಿಗಳನ್ನಷ್ಟೇ ಮುಚ್ಚಿಸಿ. ಬೋರ್ಡಿನ ಬಿಸಿಗೆ ಬಂದ ಹಲ್ಲಿಯ ಮೈ ಎರಡು ಟರ್ಮಿನಲ್ಲನ್ನು ಒಟ್ಟಿಗೆ ಮುಟ್ಟಿದರೆ ಶಾರ್ಟ್ ಆಗುತ್ತದೆ, ಕಡಲ ಉಪ್ಪುಗಾಳಿ ಬೋರ್ಡಿನ ಮೇಲೆ ಕೂತಿದ್ದರೆ ಹಾನಿ ಹರಡುತ್ತದೆ. ಹೊಸ ಬೋರ್ಡಿಗೆ ರಕ್ಷಣೆಯ ವಾರ್ನಿಷ್ ಲೇಪನ ಇದೆಯೇ ಎಂದು ಕೇಳಿ ಹಾಕಿಸಿ. ತಾವೇ ಬಿಚ್ಚಿ ನೋಡಬೇಡಿ. ಮೇನ್ ಆಫ್ ಮಾಡಿದ ಮೇಲೂ ಅದರ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚಿನ ಡಿಸಿ ಕೆಲವು ನಿಮಿಷ ಉಳಿದಿರುತ್ತದೆ.