ಮಗನ ಹಲ್ಲಿನ ಕಂದು ಕಲೆ ಸ್ಕೇಲಿಂಗ್‌ಗೆ ಹೋಗುತ್ತಾ?

ಪ್ರಶ್ನೆ (ಚಳ್ಳಕೆರೆ):
ಮಗನಿಗೆ 12 ವರ್ಷ. ಮುಂದಿನ ಹಲ್ಲುಗಳ ಮೇಲೆ ಸುಣ್ಣ ಬಳಿದಂಗೆ ಬಿಳಿ ಗೆರೆ, ನಡುವೆ ಕಂದು ಕಲೆ. ಬೋರ್‌ವೆಲ್ ನೀರು, ಕುದಿಸಿಯೇ ಕೊಡ್ತೀವಿ. ಸ್ಕೇಲಿಂಗ್ ಮಾಡಿಸಿದ್ರೆ ಸಾಕಾ? ಮಗಳಿಗೆ 4 ವರ್ಷ, ಅವಳಿಗೂ ಬರುತ್ತಾ?

ಉತ್ತರ 1:
ಸ್ಕೇಲಿಂಗ್ ತೆಗೆಯೋದು ಹಲ್ಲಿನ ಮೇಲೆ ಗಟ್ಟಿಯಾದ ಪಾಚಿ, ಹೊರಗಿನ ಕಲೆ ಮಾತ್ರ. ನೀವು ಹೇಳೋ ಲಕ್ಷಣ ಫ್ಲೋರೋಸಿಸ್‌ನದು, ಅಂದ್ರೆ ಹಲ್ಲು ಒಳಗೆ ಬೆಳೆಯೋವಾಗ ನೀರಿನ ಫ್ಲೋರೈಡ್ ಹೆಚ್ಚಾಗಿ ಆಗೋ ತೊಂದರೆ. ಕಲೆ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಒಳಗೇ ಇರುತ್ತೆ. ಆದರೂ ಡಾಕ್ಟರ್ ನೋಡಿಯೇ ಖಚಿತ ಮಾಡಬೇಕು. ಕಲೆ ತೆಳುವಾಗಿದ್ರೆ ಮೈಕ್ರೋಅಬ್ರೇಷನ್: ಒಸಡಿಗೆ ತಾಗದಂತೆ ರಬ್ಬರ್ ಹಾಳೆ ಕಟ್ಟಿ, ಆಮ್ಲ ಮತ್ತು ಪ್ಯೂಮಿಸ್ ಪುಡಿಯ ಪೇಸ್ಟಿನಿಂದ ಮೇಲ್ಪದರ ಉಜ್ಜುತ್ತಾರೆ. ಹಲ್ಲಲ್ಲಿ ಗುಳಿ ಬಿದ್ದಿದ್ರೆ ಕಾಂಪೋಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್) ತುಂಬಬೇಕು. ವೆನೀರ್‌ಗೆ (ಹಲ್ಲಿನ ಮುಂಭಾಗಕ್ಕೆ ಅಂಟಿಸೋ ತೆಳು ಹೊದಿಕೆ) ಈಗ ಅವಸರ ಬೇಡ, ಈ ವಯಸ್ಸಲ್ಲಿ ಒಸಡಿನ ಅಂಚು ಇನ್ನೂ ಮೇಲೆ ಸರೀತಿರುತ್ತೆ. ಮನೇಲಿ ನಿಂಬೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕಬೇಡಿ. ಎನಾಮಲ್ ಸವೆದು ತಣ್ಣೀರಿಗೂ ಜುಮ್ಮನ್ನುತ್ತೆ.

ಉತ್ತರ 2:
ಕುದಿಸಿದ್ರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತೆ! ಮೊದಲು ನೀರು ಪರೀಕ್ಷೆ ಮಾಡಿಸಿ. ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ರೆ 1.5 ಕೊನೆಯ ಮಿತಿ. ಹೆಚ್ಚಿದ್ರೆ ಆರ್‌ಒ ನೀರು, ಕುಡಿಯೋಕಷ್ಟೇ ಅಲ್ಲ, ಮುದ್ದೆ-ಸಾರಿಗೂ. ಮಗಳ ಶಾಶ್ವತ ಹಲ್ಲುಗಳ ಎನಾಮಲ್ ಸುಮಾರು 8 ವರ್ಷದ ತನಕ ಒಳಗೇ ಕಟ್ತಾ ಇರುತ್ತೆ, ಈಗಲೇ ನೀರು ಬದಲಿಸಿದ್ರೆ ಲಾಭ ಇದೆ.

ಪ್ರಶ್ನೆ ಕೇಳಿದವರು:
ಹಾಗಾದ್ರೆ ಫ್ಲೋರೈಡ್ ಪೇಸ್ಟ್ ನಿಲ್ಲಿಸಬೇಕಾ?

ಉತ್ತರ 1:
ಬೇಡ, ಹುಳುಕು ತಡೆಯೋದು ಅದೇ. ಮಗಳಿಗೆ ಬಟಾಣಿ ಕಾಳಿನಷ್ಟು ಸಾಕು, ನುಂಗದೆ ಉಗುಳಬೇಕು. ಬ್ರಷ್ ತುಂಬಾ ಹಾಕೋದು ಜಾಹೀರಾತಿನವರ ಚಟ. ಮಗನನ್ನ ದಾವಣಗೆರೆಯ ಡೆಂಟಲ್ ಕಾಲೇಜಿನ ಮಕ್ಕಳ ಹಲ್ಲಿನ ವಿಭಾಗಕ್ಕೆ ತೋರಿಸಿ.