ಯುರೋಪಾ ಯೂನಿವರ್ಸಾಲಿಸ್ 4: ಹಡಗು ಜಾಸ್ತಿ ಇದ್ದರೂ ಸೋಲು, ಒಳ್ಳೆ ಅಡ್ಮಿರಲ್ ಸಿಗೋದು ಹೇಗೆ?

ಕರಾವಳಿಗಾಳಿ:
ಎಲ್ಲರಿಗೂ ನಮಸ್ಕಾರ. ಈ ಕಂಪ್ಯೂಟರ್ ಗೇಮ್‌ನಲ್ಲಿ ವಿಜಯನಗರ ಆಡ್ತಿದೀನಿ, ಗೇಮ್‌ನಲ್ಲಿ ಈಗ 1521. ನೌಕಾಪಡೆಯಲ್ಲಿ 8 ಹೆವಿ ಶಿಪ್ (ದೊಡ್ಡ ಯುದ್ಧನೌಕೆ), 20 ಗ್ಯಾಲಿ (ಹುಟ್ಟು ಹಾಕೋ ಹಡಗು), 10 ಲೈಟ್ ಶಿಪ್ (ಸಣ್ಣ ಹಡಗು) ಇವೆ. ಖರ್ಚು ಉಳಿಯಲಿ ಅಂತ ಲೈಟ್ ಶಿಪ್‌ಗಳನ್ನ ಬಂದರಿನಲ್ಲೇ ನಿಲ್ಲಿಸಿದೀನಿ. ನೇವಿ ಟ್ರೆಡಿಷನ್ (ನೌಕಾಪಡೆಯ ಅನುಭವದ ಅಂಕ) 9. ಇಬ್ಬರು ಅಡ್ಮಿರಲ್‌ಗಳನ್ನ (ನೌಕಾಪಡೆ ನಾಯಕರು) ತಗೊಂಡೆ. ಒಬ್ಬನದು ಫೈರ್ (ಗುಂಡಿನ ದಾಳಿ) 1, ಶಾಕ್ (ಹತ್ತಿರದ ಕಾಳಗ) 0, ಮೆನೂವರ್ (ಹಡಗು ನಡೆಸೋ ಚಾಕಚಕ್ಯತೆ) 2, ಸೀಜ್ (ಮುತ್ತಿಗೆ) 0. ಇನ್ನೊಬ್ಬ ಅದಕ್ಕಿಂತ ಕಡೆ. ಪೋರ್ಚುಗಲ್‌ನ ಅಡ್ಮಿರಲ್ ಫೈರ್ 4, ಶಾಕ್ 3. ಅವರದು 14 ಹಡಗು ಮಾತ್ರ, ಆದರೂ ಅರಬ್ಬಿ ಸಮುದ್ರದಲ್ಲಿ ಎರಡು ಸಲ ಸೋತಾಯ್ತು. ಒಳ್ಳೆಯವನು ಸಿಗೋವರೆಗೂ ಒಂದೊಂದು ನೇಮಕಕ್ಕೆ 50 ಪಾಯಿಂಟ್ ಸುರಿತಾ ಇರಬೇಕಾ? ನೇವಲ್ ಐಡಿಯಾ (ಪಾಯಿಂಟ್ ಕೊಟ್ಟು ತಗೊಳ್ಳೋ ನೌಕಾಪಡೆ ಸುಧಾರಣೆಗಳ ಗುಂಪು) ತಗೊಂಡ್ರೆ ಸರಿಹೋಗುತ್ತಾ?

ಲಂಗರು:
ಸುರೀಬೇಡಿ. ಟ್ರೆಡಿಷನ್ 9 ಇರುವಾಗ ಎಷ್ಟು ಜನರನ್ನ ತಗೊಂಡ್ರೂ ಬಹುತೇಕ ಇಂಥವರೇ ಬರೋದು. ನೇಮಕದ ಹೊತ್ತಿಗೆ ಟ್ರೆಡಿಷನ್ ಎಷ್ಟಿತ್ತು ಅನ್ನೋದರ ಮೇಲೆ ಆ ಅಡ್ಮಿರಲ್‌ನ ಅಂಕ ನಿಂತಿರುತ್ತೆ. ಅದೃಷ್ಟದ ಪಾಲು ಇದ್ದೇ ಇದೆ. ಆದರೆ ಬುಡ ಗಟ್ಟಿಯಿಲ್ಲದೆ ಅದೃಷ್ಟ ಒಂದೇ ಎಷ್ಟು ಎತ್ತೀತು?

ಮಿಲಿಟರಿ ಟ್ಯಾಬ್ ತೆಗೆದು ನೇವಿ ಟ್ರೆಡಿಷನ್ ಮೇಲೆ ಮೌಸ್ ಇಡಿ. ವರ್ಷಕ್ಕೆ ಎಷ್ಟು ಬರ್ತಿದೆ, ಎಷ್ಟು ಕರಗ್ತಿದೆ ಅಂತ ಬಿಡಿಬಿಡಿಯಾಗಿ ತೋರಿಸುತ್ತೆ. ಇದ್ದದ್ದರಲ್ಲಿ ವರ್ಷಕ್ಕೆ ಶೇ. 5 ಕರಗುತ್ತೆ. ಟ್ರೆಡಿಷನ್ 20 ಇದ್ದಾಗ ವರ್ಷಕ್ಕೆ 1 ಹೋಗುತ್ತೆ, 60 ಇದ್ದಾಗ 3. ಅಂದರೆ ನಿಮ್ಮ ಟ್ರೆಡಿಷನ್ ಆದಾಯ ವರ್ಷಕ್ಕೆ 1 ಇದ್ದರೆ ಎಷ್ಟೇ ಕಾದರೂ 20ರ ಹತ್ತಿರ ನಿಂತುಬಿಡುತ್ತೆ, 2 ಇದ್ದರೆ 40ಕ್ಕೆ. ಈ ಲೆಕ್ಕ ಒಮ್ಮೆ ತಲೆಗೆ ಹೋದರೆ ಮಿಕ್ಕಿದ್ದೆಲ್ಲ ಸುಲಭ.

ಆ ದಿನನಿತ್ಯದ ಆದಾಯ ತರೋದು ನೀವು ಬಂದರಿನಲ್ಲಿ ಕಟ್ಟಿಹಾಕಿರೋ ಲೈಟ್ ಶಿಪ್‌ಗಳೇ. ಹತ್ತನ್ನೂ ಒಂದು ಪಡೆ ಮಾಡಿ, ಮಿಷನ್ ಪಟ್ಟಿಯಿಂದ ವ್ಯಾಪಾರ ರಕ್ಷಣೆ ಆರಿಸಿ, ನಿಮ್ಮ ವ್ಯಾಪಾರಿ ಕೂತಿರೋ ಕರಾವಳಿ ನೋಡ್‌ಗೆ (ವ್ಯಾಪಾರ ಕೇಂದ್ರಕ್ಕೆ) ಕಳಿಸಿ. ವ್ಯಾಪಾರದ ಪಾಲೂ ಏರುತ್ತೆ, ಟ್ರೆಡಿಷನ್ನೂ ಏರುತ್ತೆ. ನಿಮ್ಮ ನೌಕಾಪಡೆಯ ಮಿತಿಗೆ ಹೋಲಿಸಿದರೆ ಎಷ್ಟು ಲೈಟ್ ಶಿಪ್ ಕಾವಲಿಗಿವೆ ಅನ್ನೋದು ಇಲ್ಲಿ ಲೆಕ್ಕಕ್ಕೆ ಬರುತ್ತೆ. ದೊಡ್ಡ ರಾಜ್ಯಕ್ಕೆ 10 ಹಡಗು ಕಡಿಮೆಯೇ. ಇನ್ನು ಗ್ಯಾಲಿ ಕಟ್ಟೋದು ನಿಲ್ಲಿಸಿ, ಆ ದುಡ್ಡನ್ನ ಲೈಟ್ ಶಿಪ್‌ಗೆ ಹಾಕಿ.

ಹಾಯಿಪಟ:
ಲಂಗರು ಹೇಳಿದ್ದು ಸರಿ. ಆದರೆ ಆ ಎರಡು ಯುದ್ಧ ಸೋತದ್ದಕ್ಕೆ ಅಡ್ಮಿರಲ್ ಒಬ್ಬನೇ ಕಾರಣ ಅಲ್ಲ, ಅದನ್ನ ಬಿಡಿಸಿ ನೋಡೋಣ.

ಸಮುದ್ರದ ಯುದ್ಧದಲ್ಲಿ ಫೈರ್ ಹಂತ 3 ದಿನ, ಆಮೇಲೆ ಶಾಕ್ ಹಂತ 3 ದಿನ, ಮತ್ತೆ ಫೈರ್, ಹೀಗೆ ಸರದಿ. ಪ್ರತಿ ಹಂತಕ್ಕೂ ಎರಡೂ ಕಡೆಗೆ 0ಯಿಂದ 9ರವರೆಗಿನ ಒಂದು ದಾಳ ಬೀಳುತ್ತೆ. ಫೈರ್ ಹಂತದಲ್ಲಿ ಇಬ್ಬರು ಅಡ್ಮಿರಲ್‌ಗಳ ಫೈರ್ ಅಂಕದ ವ್ಯತ್ಯಾಸ ಹೆಚ್ಚಿದ್ದವನ ದಾಳಕ್ಕೆ ಸೇರುತ್ತೆ, ಶಾಕ್ ಹಂತದಲ್ಲಿ ಶಾಕ್‌ನದು. ನಿಮ್ಮ ಲೆಕ್ಕದಲ್ಲಿ ಫೈರ್ 4ಕ್ಕೆ 1, ಶಾಕ್ 3ಕ್ಕೆ 0. ಎರಡರಲ್ಲೂ ಪೋರ್ಚುಗಲ್‌ಗೆ 3 ಹೆಚ್ಚು. ದಾಳದ ಸರಾಸರಿ 4.5, ಅವರದು 7.5 ಆಯ್ತು. 12 ದಿನ ನಡೆದರೆ ನಾಲ್ಕು ಸಲ ದಾಳ ಬೀಳುತ್ತೆ, ನಾಲ್ಕರಲ್ಲೂ ನೀವು 3 ಅಂಕ ಹಿಂದಿದ್ದೇ ಶುರು ಮಾಡ್ತೀರಿ.

ಮೆನೂವರ್ ಕಡೆಗಣಿಸಬೇಡಿ. ಪಡೆಯ ವೇಗ ಅದರಿಂದಲೇ, ಎದುರಾಳಿಗಿಂತ ಹೆಚ್ಚು ಹಡಗನ್ನ ಮುಂಚೂಣಿಗೆ ತರೋದೂ ಅದರಿಂದಲೇ. ಸೀಜ್ ಅಂಕ ಬಂದರು ದಿಗ್ಬಂಧನಕ್ಕೆ ಮಾತ್ರ, ಗುಂಡಿನ ಕಾಳಗದಲ್ಲಿ ಅದರಿಂದ ಏನೂ ಆಗಲ್ಲ. ಸೀಜ್ 3 ಇದ್ದು ಫೈರ್ 0 ಇರೋನನ್ನ ಮುಖ್ಯ ಪಡೆಗೆ ಹಾಕಬೇಡಿ.

ಈಗ ನಿಮ್ಮ 20 ಗ್ಯಾಲಿ. ಗ್ಯಾಲಿಗೆ ಶೇ. 100ರಷ್ಟು ಹೆಚ್ಚುವರಿ ಬಲ ಬರೋದು ಮೆಡಿಟರೇನಿಯನ್, ಬಾಲ್ಟಿಕ್ ಥರದ ಒಳಸಮುದ್ರದಲ್ಲಿ ಮಾತ್ರ. ಕೊಂಕಣ, ಮಲಬಾರ್ ಕರಾವಳಿಯಲ್ಲಿ ಆ ಲಾಭ ಇಲ್ಲ. ಸಂಖ್ಯೆ ನೋಡಿ ಧೈರ್ಯ ಬಂದಿರುತ್ತೆ, ಆದರೆ ಹೆವಿ ಶಿಪ್‌ನ ಫಿರಂಗಿ ಎದುರು ಗ್ಯಾಲಿ ಒಂದೊಂದಾಗಿ ಮುಳುಗುತ್ತೆ. ಇತಿಹಾಸದಲ್ಲೂ 1509ರಲ್ಲಿ ದಿಯು ಹತ್ತಿರ ಫ್ರಾನ್ಸಿಸ್ಕೋ ದ ಅಲ್ಮೇಡನ ಪಡೆ ಗುಜರಾತ್, ಮಾಮ್ಲೂಕ್, ಕೋಳಿಕ್ಕೋಡಿನ ಸಾಮೂದಿರಿ ಮೂವರ ಒಟ್ಟು ಪಡೆಯನ್ನ ಸೋಲಿಸ್ತು. ಅಲ್ಲೂ ಹಡಗಿನ ಎಣಿಕೆಗಿಂತ ಫಿರಂಗಿ ಹೊತ್ತ ದೊಡ್ಡ ಹಡಗುಗಳದ್ದೇ ಮೇಲುಗೈ ಆಗಿತ್ತು.

ಕೊನೇದಾಗಿ ಒಂದು ನೋಡಿ: ನೇವಿ ಮೇಂಟೆನೆನ್ಸ್ ಸ್ಲೈಡರ್ (ನೌಕಾಪಡೆಯ ಖರ್ಚು ಹೊಂದಿಸೋ ಗುಂಡಿ) ಯುದ್ಧದ ಹೊತ್ತಿಗೆ ಪೂರ್ತಿ ಬಲಕ್ಕಿತ್ತಾ? ಖರ್ಚು ಉಳಿಸೋ ಅಭ್ಯಾಸ ಇದೆ ಅಂದ್ರಲ್ಲ, ಅದಕ್ಕೆ ಕೇಳ್ತಿದೀನಿ. ಅದು ಕೆಳಗಿದ್ದರೆ ಹಡಗುಗಳ ಮನೋಬಲವೇ ಕೆಳಗಿರುತ್ತೆ, ಆಗ ಫೈರ್ 6ರ ಅಡ್ಮಿರಲ್ ಇದ್ದರೂ ಪಡೆ ಬೇಗ ಹಿಮ್ಮೆಟ್ಟುತ್ತೆ. ಯುದ್ಧ ಘೋಷಿಸೋ ಕೆಲವು ತಿಂಗಳು ಮೊದಲೇ ಸ್ಲೈಡರ್ ಏರಿಸಿ, ಎಲ್ಲ ಹಡಗನ್ನೂ ಬಂದರಿಗೆ ತಂದು ರಿಪೇರಿ ಮಾಡಿಸಿ.

ತೆಂಗಿನತೋಟ:
ಪಾಯಿಂಟ್ ವಿಷಯ ಯಾರೂ ಮುಟ್ಟಿಲ್ಲ, ಅದನ್ನ ನಾನು ಹೇಳ್ತೀನಿ.

ಒಬ್ಬ ಅಡ್ಮಿರಲ್‌ಗೆ 50 ಮಿಲಿಟರಿ ಪಾಯಿಂಟ್. ಮಿಲಿಟರಿ ಟೆಕ್ನಾಲಜಿಯ ಒಂದು ಹಂತಕ್ಕೆ ಮೂಲ ಬೆಲೆ 600. ಆರು ಸಲ ನೇಮಕ ಮಾಡಿ ನೋಡಿದರೆ ಅರ್ಧ ಟೆಕ್ ಹೋಯ್ತು. ಬಹಮನಿಗಳ ಕಡೆಯ ಗಡಿ ಕಾಯೋ ವಿಜಯನಗರಕ್ಕೆ ಅದು ದೊಡ್ಡ ಪೆಟ್ಟು. ಜೊತೆಗೆ ನಾಯಕರ ಮಿತಿ ದಾಟಿದರೆ ಪ್ರತಿ ಹೆಚ್ಚುವರಿ ನಾಯಕನಿಗೆ ತಿಂಗಳಿಗೆ 1 ಪಾಯಿಂಟ್ ಕಡಿತ. ವರ್ಷಕ್ಕೆ 12. ನಾಲ್ಕು ವರ್ಷ ಸುಮ್ಮನೆ ಇಟ್ಟುಕೊಂಡ್ರೆ ಹೊಸಬನ ಬೆಲೆಯಷ್ಟು ಹೋಗಿರುತ್ತೆ. ನಿಮ್ಮ ಎರಡನೇ ಅಡ್ಮಿರಲ್ ಮಿತಿಯೊಳಗಿದ್ದರೆ ಇರಲಿ, ಮೀರಿದ್ದರೆ ಇವತ್ತೇ ಕಳಿಸಿಬಿಡಿ.

ನೇಮಕಕ್ಕೆ ಹೊತ್ತು ನೋಡಬೇಕು. ಲೈಟ್ ಶಿಪ್ ಕೊಡೋದು ನಿಧಾನದ ಆದಾಯ. ದೊಡ್ಡ ಯುದ್ಧ ಗೆದ್ದಾಗ ಟ್ರೆಡಿಷನ್ ಒಂದೇ ಸಲ ಜಿಗಿಯುತ್ತೆ. ಅದಕ್ಕೇ ಮೊದಲು ಪೋರ್ಚುಗಲ್ ಸಹವಾಸಕ್ಕೆ ಹೋಗಬೇಡಿ, ನಿಮ್ಮ ಕೈಗೆ ಸೋಲುವಂಥ ಪಡೆ ಹುಡುಕಿ. ಗುಜರಾತ್ ಒಂಟಿಯಾಗಿ ಸಿಕ್ಕರೆ ಒಳ್ಳೆಯದು. ಅವರ ಹಡಗು ಮುಳುಗಿಸಿ ಗೆದ್ದು, ಟ್ರೆಡಿಷನ್ ಶಿಖರದಲ್ಲಿರುವಾಗಲೇ, ಅದೇ ತಿಂಗಳಲ್ಲಿ ನೇಮಕ ಮಾಡಿ. ತಡ ಮಾಡಿದರೆ ಕರಗುತ್ತೆ: ಹೊಸ ಆದಾಯ ಇಲ್ಲದಿದ್ದರೆ 40 ಇದ್ದದ್ದು 5 ವರ್ಷಕ್ಕೆ 31, 80 ಇದ್ದದ್ದು 14 ವರ್ಷಕ್ಕೆ 39. ನೇಮಕ ಆದಮೇಲೆ ಟ್ರೆಡಿಷನ್ ಇಳಿದರೂ ಆ ಅಡ್ಮಿರಲ್‌ನ ಅಂಕ ಇಳಿಯಲ್ಲ. ಅವನು ಬದುಕಿರೋವರೆಗೂ ನಿಮ್ಮವನೇ.

ಐಡಿಯಾ ಬಗ್ಗೆ ನನ್ನ ಅಭಿಪ್ರಾಯ ಖಚಿತ: ವಿಜಯನಗರಕ್ಕೆ ನೇವಲ್ ಬೇಡ. ಅದರಲ್ಲಿ ಅಡ್ಮಿರಲ್‌ಗೆ ಫೈರ್, ಶಾಕ್ ಎರಡೂ ಒಂದೊಂದು ಏರುತ್ತೆ, ನಿಜ. ಆದರೆ ಅದು ಮಿಲಿಟರಿ ಗುಂಪಿನದು. ಏಳು ಐಡಿಯಾ, ಒಂದಕ್ಕೆ 400, ಒಟ್ಟು 2800 ಮಿಲಿಟರಿ ಪಾಯಿಂಟ್ ಭೂಸೇನೆಯ ಬಾಯಿಂದ ಕಿತ್ತುಕೊಳ್ಳುತ್ತೆ. ಮ್ಯಾರಿಟೈಮ್ ತಗೊಳ್ಳಿ, ಅದು ಡಿಪ್ಲೊಮ್ಯಾಟಿಕ್ ಪಾಯಿಂಟ್ ತಿನ್ನುತ್ತೆ. ಅದರಲ್ಲಿ ಮೆನೂವರ್ ಏರುತ್ತೆ, ನೌಕಾಪಡೆಯ ಮಿತಿಯೂ ಏರುತ್ತೆ.

ಲಂಗರು:
ಐಡಿಯಾ ಬಗ್ಗೆ ತೆಂಗಿನತೋಟ ಹೇಳಿದ್ದನ್ನ ಒಪ್ಪಿದೆ. ಇಂಗ್ಲೆಂಡ್ ಥರ ದ್ವೀಪ ಆಡೋರಿಗೆ ಮಾತ್ರ ನೇವಲ್ ಬಗ್ಗೆ ಯೋಚನೆ ಮಾಡಿ ಅಂತೀನಿ.

ಕರಾವಳಿಗಾಳಿ:
ಸ್ಲೈಡರ್ ಅರ್ಧಕ್ಕಿತ್ತು, ಹಾಯಿಪಟ ಸರಿಯಾಗೇ ಹಿಡಿದ್ರಿ. ಲೈಟ್ ಶಿಪ್ ಈಗ ಕಾವಲಿಗೆ ಬಿಟ್ಟೆ. ಒಂದೇ ಅನುಮಾನ: ಯುದ್ಧ ಶುರುವಾದರೆ ಆ 10 ಹಡಗು ಶತ್ರುವಿನ ಕೈಗೆ ಸಿಕ್ಕಿಬೀಳಲ್ವಾ?

ಹಾಯಿಪಟ:
ಬೀಳುತ್ತೆ. ಯುದ್ಧ ಘೋಷಣೆಯಾದ ದಿನವೇ ಗೇಮ್ ತಡೆದು ನಿಲ್ಲಿಸಿ, ಆ ಪಡೆಯನ್ನ ಕೋಟೆ ಇರೋ ಬಂದರಿಗೆ ಕಳಿಸಿ. ಕೋಟೆ ಇಲ್ಲದ ಬಂದರಾದರೆ ಶತ್ರು ಸೇನೆ ಊರು ಹಿಡಿದ ಕೂಡಲೇ ಹಡಗು ಹೊರಗೆ ಬರಲೇಬೇಕಾಗುತ್ತೆ, ಹೊರಗೆ ಅವರ ಪಡೆ ಕಾದಿರುತ್ತೆ. ಇನ್ನೊಂದು: ನೀವು ಕೈಯಾರೆ ಸರಿಸಿದ ಕೂಡಲೇ ವ್ಯಾಪಾರ ರಕ್ಷಣೆಯ ಮಿಷನ್ ರದ್ದಾಗುತ್ತೆ. ಶಾಂತಿ ಆದಮೇಲೆ ಅದು ತಾನಾಗೇ ಶುರುವಾಗಲ್ಲ, ನೀವೇ ಮತ್ತೆ ಕೊಡಬೇಕು. ಅದನ್ನ ಮರೆತು ಹತ್ತಿಪ್ಪತ್ತು ವರ್ಷ ಬಂದರಿನಲ್ಲೇ ಬಿಟ್ಟರೆ ಟ್ರೆಡಿಷನ್ ಮತ್ತೆ 9ಕ್ಕೆ ಬಂದು ಕೂರುತ್ತೆ. ಸಂಧಿಗೆ ಒಪ್ಪಿದ ಕೂಡಲೇ ಮೊದಲ ಕೆಲಸ ಆ ಮಿಷನ್ ಕೊಡೋದು, ಆಮೇಲೆ ಸ್ಲೈಡರ್ ಇಳಿಸೋದು.