ನಕ್ಷೆಯಿಂದ ಮರೆಯಾದ ಜಿಯೋಕ್ಯಾಶ್ ಪುಟವನ್ನು ಹುಡುಕುವುದು ಹೇಗೆ?

ಕೇಳಿದವರು, ಮಲ್ಪೆಯಿಂದ:

ಮನೆ ಬದಲಿಸುವಾಗ ಅಣ್ಣನ ಹಳೆಯ ಡೈರಿಯೊಂದು ಸಿಕ್ಕಿತು. 2009ರಲ್ಲಿ ಅವನು ಗೆಳೆಯರೊಡನೆ ಮಲ್ಪೆಯ ಆಸುಪಾಸಿನಲ್ಲಿ ಹುಡುಕಿ ತೆಗೆದಿದ್ದ ಜಿಯೋಕ್ಯಾಶ್ ಒಂದರ, ಅಂದರೆ ಸ್ಥಾನವನ್ನು ಜಾಲತಾಣದ ಪುಟವೊಂದರಲ್ಲಿ ಕೊಟ್ಟು ಬೇರೆಯವರು ಹುಡುಕಲೆಂದು ಬಚ್ಚಿಟ್ಟ ಡಬ್ಬಿಯೊಂದರ, ಸಂಕೇತ ಅದರಲ್ಲಿದೆ. ‘ಜಿಸಿ’ ಎಂದು ಆರಂಭವಾಗುವ ಆ ಸಂಕೇತದ ಕೊನೆಯ ಎರಡು ಅಕ್ಷರಗಳಲ್ಲಿ ಒಂದು ನೀರು ತಾಗಿ ಹರಡಿಹೋಗಿದೆ, ಇನ್ನೊಂದು ‘ಓ’ದಂತೆ ಕಾಣುತ್ತದೆ. ಜಾಲತಾಣದ ನಕ್ಷೆಯಲ್ಲಿ ನೋಡಿದರೆ ಆ ಜಾಗ ಖಾಲಿ. ಅಣ್ಣ ತನ್ನ ಖಾತೆಯ ಹೆಸರನ್ನೂ ಮರೆತಿದ್ದಾನೆ. ಪುಟ ಎಲ್ಲಾದರೂ ಉಳಿದಿರಬಹುದೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಸುರತ್ಕಲ್ಲಿನಿಂದ:

ಪುಟ ಉಳಿದಿರುವ ಸಾಧ್ಯತೆಯೇ ಹೆಚ್ಚು. ಡಬ್ಬಿ ಕಳೆದುಹೋಗಿ, ಇಟ್ಟವರು ಅದನ್ನು ನೋಡಿಕೊಳ್ಳಲಾಗದೆ ಹೋದಾಗ ಅವರೇ ಆಗಲಿ ಜಾಲತಾಣದ ಪರಿಶೀಲಕರೇ ಆಗಲಿ ಪುಟವನ್ನು ‘ಆರ್ಕೈವ್’ ಮಾಡುತ್ತಾರೆ. ಹಾಗೆ ಮಾಡಿದ ಪುಟ ನಕ್ಷೆಯಲ್ಲೂ ಸಾಮಾನ್ಯ ಹುಡುಕಾಟದಲ್ಲೂ ಕಾಣುವುದಿಲ್ಲವೇ ಹೊರತು ಅಳಿಸಿಹೋಗುವುದಿಲ್ಲ; ಪೂರ್ಣ ಸಂಕೇತವನ್ನು ಕೊಟ್ಟರೆ ಹಳೆಯ ಲಾಗ್‌ಗಳ, ಅಂದರೆ ಹುಡುಕಿದವರು ಪುಟದಲ್ಲಿ ಬರೆದ ಟಿಪ್ಪಣಿಗಳ, ಸಮೇತ ತೆರೆದುಕೊಳ್ಳುತ್ತದೆ.

ಆದ್ದರಿಂದ ಮೊದಲು ಸಂಕೇತವನ್ನೇ ಸರಿಯಾಗಿ ಓದಿಕೊಳ್ಳಿ. ಈ ಸಂಕೇತಗಳಲ್ಲಿ ‘ಜಿಸಿ’ಯ ನಂತರ ಬರುವ ಭಾಗದಲ್ಲಿ ಐ, ಎಲ್, ಓ, ಎಸ್, ಯು ಎಂಬ ಐದು ಇಂಗ್ಲಿಷ್ ಅಕ್ಷರಗಳನ್ನು ಬಳಸುವುದೇ ಇಲ್ಲ, ಹತ್ತು ಅಂಕೆಗಳು ಮತ್ತು ಉಳಿದ 21 ಅಕ್ಷರಗಳು ಸೇರಿ ಒಟ್ಟು 31 ಚಿಹ್ನೆಗಳಷ್ಟೇ ಅಲ್ಲಿರುತ್ತವೆ. ಹಾಗಾಗಿ ತಮಗೆ ‘ಓ’ದಂತೆ ಕಾಣುತ್ತಿರುವುದು ಬಹುಶಃ ಸೊನ್ನೆ. ಎರಡೂ ತಿಳಿಯದಿದ್ದರೆ 961 ಸಾಧ್ಯತೆಗಳಾಗುತ್ತಿದ್ದವು, ಅದು ಯಾರಿಗೂ ಬೇಡದ ಕೆಲಸ. ಒಂದೇ ಆದರೆ 31 ಸಲ ಬೆರಳಚ್ಚಿಸಿದರೆ ಮುಗಿಯಿತು. ತಪ್ಪು ಸಂಕೇತಕ್ಕೂ ಜಗತ್ತಿನ ಯಾವುದೋ ಮೂಲೆಯ ಪುಟ ತೆರೆಯಬಹುದು, ಗಾಬರಿಯಾಗದೆ ಮುಂದುವರಿಯಿರಿ.

ಕಾಪುವಿನಿಂದ:

ಸಂಕೇತ ಕೈಕೊಟ್ಟರೆ ಜಾಗವನ್ನು ಬಿಟ್ಟು ಜನರನ್ನು ಹಿಡಿಯಬೇಕು ಎಂಬುದು ನನ್ನ ಅನುಭವ. ಅಣ್ಣನ ಜೊತೆಗಿದ್ದ ಗೆಳೆಯರಲ್ಲಿ ಒಬ್ಬರ ಖಾತೆಯ ಹೆಸರು ಸಿಕ್ಕಿದರೂ ಸಾಕು, ಅವರು ಪತ್ತೆ ಮಾಡಿದವುಗಳ ಪಟ್ಟಿಯಲ್ಲಿ ಆರ್ಕೈವ್ ಆದವೂ ಹೆಸರಿನ ಮೇಲೆ ಗೆರೆ ಎಳೆದಂತೆ ಉಳಿದಿರುತ್ತವೆ. ಅದೂ ಇಲ್ಲದಿದ್ದರೆ ಉಡುಪಿ ಸುತ್ತಮುತ್ತ ಈಗಲೂ ಚಾಲ್ತಿಯಲ್ಲಿರುವ ಹಳೆಯ ಕ್ಯಾಶ್ ಒಂದನ್ನು ತೆರೆದು, ಅದರಲ್ಲಿ 2009ರ ಹೊತ್ತಿಗೆ ಲಾಗ್ ಬರೆದವರ ಪಟ್ಟಿಗಳನ್ನು ಒಂದೊಂದಾಗಿ ನೋಡುತ್ತ ಹೋಗಿ, ಏಕೆಂದರೆ ಊರಿಗೆ ಬಂದವರು ಒಂದನ್ನೇ ಹುಡುಕಿ ಹಿಂದಿರುಗುವುದು ಅಪರೂಪ. ಡಬ್ಬಿಯಿಂದ ಡಬ್ಬಿಗೆ ಸಂಚರಿಸುವ ಟ್ರ್ಯಾಕೆಬಲ್ ಬಿಲ್ಲೆಗಳ ಪ್ರಯಾಣದ ದಾಖಲೆಯಲ್ಲಿಯೂ ಇಂಥ ಪುಟಗಳ ಕೊಂಡಿ ಸಿಗುತ್ತದೆ.

ಪುಟ ಸಿಕ್ಕಿದ ಮೇಲೆ ನಾನು ಮಾಡಿದ ತಪ್ಪನ್ನು ತಾವು ಮಾಡಬೇಡಿ. ಅಲ್ಲಿ ಸ್ಥಾನವನ್ನು ಡಿಗ್ರಿ ಮತ್ತು ಮಿನಿಟುಗಳಲ್ಲಿ ಕೊಟ್ಟಿರುತ್ತಾರೆ. ಉತ್ತರಕ್ಕೆ 13 ಡಿಗ್ರಿ 21.000 ಮಿನಿಟು, ಪೂರ್ವಕ್ಕೆ 74 ಡಿಗ್ರಿ 42.000 ಮಿನಿಟು ಎಂದಿದ್ದುದನ್ನು ನಾನು ಫೋನಿನಲ್ಲಿ 13.21, 74.42 ಎಂದು ಒತ್ತಿದೆ. ಗುರುತು ಹೋಗಿ ಅರಬ್ಬೀ ಸಮುದ್ರದ ನಡುವೆ ನಿಂತಿತು. ಮಿನಿಟನ್ನು 60ರಿಂದ ಭಾಗಿಸಿ 13.35, 74.70 ಎಂದು ಕೊಟ್ಟ ಮೇಲೆಯೇ ಅದು ಮಲ್ಪೆಯ ದಡಕ್ಕೆ ಬಂದದ್ದು. ಮಿನಿಟಿನ ಸಾವಿರದ ಒಂದು ಭಾಗವೆಂದರೆ ಉತ್ತರ-ದಕ್ಷಿಣವಾಗಿ ಎರಡು ಮೀಟರಿಗೂ ಕಡಿಮೆ, ಆದ್ದರಿಂದ ಕೊನೆಯ ಅಂಕೆಯನ್ನೂ ಬಿಡಬಾರದು. ಒಗಟು ಬಿಡಿಸಬೇಕಾದ ಬಗೆಯ ಕ್ಯಾಶ್ ಆಗಿದ್ದರೆ ಪುಟದ ಮೇಲಿನ ಸ್ಥಾನದಲ್ಲಿ ಡಬ್ಬಿಯೇ ಇರುವುದಿಲ್ಲ ಎಂಬುದೂ ನೆನಪಿರಲಿ.

ಮಂಗಳೂರಿನ ಕದ್ರಿಯಿಂದ:

ಜಾಲಪುಟಗಳ ಹಳೆಯ ಪ್ರತಿಗಳನ್ನು ಕಾಪಿಡುವ ವೇಬ್ಯಾಕ್ ಮೆಷಿನ್‌ನಲ್ಲಿ ಈ ಪುಟದ್ದೂ ಇದೆಯೇ ಎಂದೂ ನೋಡಬಹುದು, ಆದರೆ ಅದರ ಮೇಲೆ ಹೆಚ್ಚು ನೆಚ್ಚಬೇಡಿ. ಲಾಗಿನ್ ಆಗದವರಿಗೆ ಸ್ಥಾನವನ್ನು ತೋರಿಸುವುದಿಲ್ಲವಾದ್ದರಿಂದ ಪ್ರತಿಯಲ್ಲಿ ಸಾಮಾನ್ಯವಾಗಿ ವಿವರಣೆ ಮಾತ್ರ ಇರುತ್ತದೆ. ಸುಳಿವಿನ ಸಾಲು ಉಳಿದಿದ್ದರೆ ಅದು ಅರ್ಥವಿಲ್ಲದ ಅಕ್ಷರಗಳಂತೆ ಕಾಣುತ್ತದೆ. ಪ್ರತಿ ಅಕ್ಷರವನ್ನು ಇಂಗ್ಲಿಷ್ ವರ್ಣಮಾಲೆಯಲ್ಲಿ ಹದಿಮೂರು ಸ್ಥಾನ ಸರಿಸಿ ಓದಬೇಕು. ‘ಜಿ-ಇ-ಆರ್-ಆರ್’ ಎಂದಿದ್ದರೆ ಅದು ‘ಟಿ-ಆರ್-ಇ-ಇ’, ಅಂದರೆ ಮರ.

ಇನ್ನೊಂದು ಮಾತು: ಪುಟ ಆರ್ಕೈವ್ ಆಗಿದೆ ಎಂದ ಮಾತ್ರಕ್ಕೆ ಡಬ್ಬಿಯನ್ನು ತೆಗೆದಿದ್ದಾರೆ ಎಂದು ತಿಳಿಯಬಾರದು. ನಮ್ಮ ಬೀದಿಯ ಪಾಗಾರದ ಮುರಕಲ್ಲಿನ ಸಂದಿಯಲ್ಲಿ, ಪುಟ ಮುಚ್ಚಿ ಮೂರು ಮಳೆಗಾಲ ಕಳೆದ ಮೇಲೂ ಫಿಲ್ಮ್ ಡಬ್ಬಿಯೊಂದು ಹಾಗೆಯೇ ಇತ್ತು, ಒಳಗಿನ ಕಾಗದ ಮಾತ್ರ ಮುದ್ದೆಯಾಗಿತ್ತು. ಅಂಥದ್ದು ಸಿಕ್ಕಿದರೆ ಇಟ್ಟವರಿಗೆ ಬರೆದು ಕೇಳಿ, ಆಮೇಲೆ ತೆಗೆಯಿರಿ.

ಕೇಳಿದವರು, ಎರಡು ದಿನಗಳ ನಂತರ:

ಎಲ್ಲರಿಗೂ ವಂದನೆಗಳು. ‘ಓ’ ಸೊನ್ನೆಯೇ ಆಗಿತ್ತು. ಅಳಿಸಿದ ಅಕ್ಷರಕ್ಕಾಗಿ ಒಂದೊಂದನ್ನೇ ಹಾಕುತ್ತ ಹೋದಾಗ ಜರ್ಮನಿ, ಅಮೆರಿಕ ಎಂದು ಹತ್ತಾರು ಊರುಗಳ ಪುಟಗಳು ತೆರೆದವು. ಹದಿನೇಳನೆಯ ಸಲಕ್ಕೆ ಮಲ್ಪೆ ಬಂತು. ಕಡಲ ತಡೆಗೋಡೆಯ ಕಲ್ಲುಗಳನ್ನು ಹೊಸದಾಗಿ ಪೇರಿಸಿದ ಮೇಲೆ ಡಬ್ಬಿ ಕಾಣಿಸುತ್ತಿಲ್ಲ ಎಂದು ಇಟ್ಟವರೇ ಕೊನೆಯ ಲಾಗ್ ಬರೆದು ಮುಚ್ಚಿದ್ದಾರೆ. ಅದಕ್ಕಿಂತ ನಾಲ್ಕು ಲಾಗ್ ಕೆಳಗೆ, ಪೆನ್ನು ಒದ್ದೆಯಾಗಿ ಬರೆಯಲಾಗಲಿಲ್ಲ ಎಂಬ ದೂರಿನೊಂದಿಗೆ ಅಣ್ಣನ ಲಾಗ್ ಇದೆ. ಅವನು ಮರೆತಿದ್ದ ಖಾತೆಯ ಹೆಸರೂ ಅಲ್ಲೇ ಸಿಕ್ಕಿತು. ನಮ್ಮ ಮನೆಯ ನಾಯಿಯ ಹೆಸರನ್ನು ಇಟ್ಟುಕೊಂಡಿದ್ದಾನೆ.